ಕರ್ತನ ಮೇಜಿಗೆ ರೊಟ್ಟಿ ಮಾಡುತ್ತಿದ್ದ ಕೈ

ಸುಟ್ಟ ವಾಸನೆ ಮೊದಲು ತಿಳಿದದ್ದು ನನ್ನ ಗಂಡನಿಗೆ. ಶನಿವಾರದ ಮಧ್ಯಾಹ್ನ ನಾನು ಒಲೆಯ ಮುಂದೆ ನಿಂತಿದ್ದೆ. ಮಾರನೆಯ ದಿನ ತಿಂಗಳ ಮೊದಲ ಭಾನುವಾರ, ನಮ್ಮ ಸಭೆಯಲ್ಲಿ ಕರ್ತನ ಭೋಜನ. ಅದಕ್ಕೆ ಬೇಕಾದ ಹುಳಿಯಿಲ್ಲದ ರೊಟ್ಟಿಯನ್ನು ಹದಿನಾಲ್ಕು ವರ್ಷಗಳಿಂದ ನಾನೇ ಮಾಡುತ್ತಿದ್ದೆ. ಇವರು ಹೊರಗಿನಿಂದಲೇ, "ಎಂತ ಸುಡ್ತಾ ಇದೆ?" ಎಂದು ಕೇಳಿದರು. ರೊಟ್ಟಿ ಸರಿಯಾಗಿಯೇ ಬೆಂದಿತ್ತು, ಹಾಗೇ ಹೇಳಿದೆ. ವಾಸನೆ ನಿಲ್ಲದ್ದರಿಂದ ಒಳಗೆ ಬಂದ ಇವರು ನನ್ನ ಎಡಗೈಯನ್ನು ಹಿಡಿದು ಎತ್ತಿದರು. ಕಿರುಬೆರಳಿನ ಕೆಳಗೆ ಅಂಗೈಯ ಅಂಚು ಕಾವಲಿಗೆ ತಾಗಿಕೊಂಡೇ ಇತ್ತು. ಚರ್ಮ ಬೆಳ್ಳಗಾಗಿ ಸುಲಿದು ಬಂದಿತ್ತು. ನನಗೆ ಏನೇನೂ ಗೊತ್ತಾಗಿರಲಿಲ್ಲ.

ನನ್ನ ಹೆಸರು ರೂತ್. ಊರು ರಿಪ್ಪನ್‌ಪೇಟೆ. ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಮನೆಯ ಮುಂದಿನ ಕೋಣೆಯಲ್ಲಿಯೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡ ಸಮುವೇಲ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ನಮ್ಮಿಬ್ಬರ ಅಜ್ಜಂದಿರೂ ಶರಾವತಿಯ ಅಣೆಕಟ್ಟೆ ಕಟ್ಟುವ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಹೊಸನಗರದಲ್ಲಿರುವ ನಮ್ಮ ಸಭೆಯೂ ಬಹುಪಾಲು ಅಂಥವರದೇ. ತಗಡಿನ ಮಾಡಿನ ಒಂದು ಹಾಲ್, ಮೂವತ್ತು ಮನೆಗಳು, ಭಾನುವಾರ ಸಾಗರದಿಂದ ಬರುವ ಪಾಸ್ಟರ್. ಆರಾಧನೆ ಎಂದರೇನು ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಶನಿವಾರದ ನನ್ನ ಕೆಲಸಗಳನ್ನು ಹೇಳುತ್ತಿದ್ದೆನೋ ಏನೋ. ಹಾಲ್ ಗುಡಿಸುವುದು, ಮೇಜಿನ ಬಿಳಿಬಟ್ಟೆಗೆ ಇಸ್ತ್ರಿ, ದ್ರಾಕ್ಷಿ ಕುದಿಸಿ ಸೋಸುವುದು, ರೊಟ್ಟಿ. ದೇವರಿಗೆ ನಾನು ಏನನ್ನೋ ಕೊಡುತ್ತಿದ್ದೇನೆ ಎಂಬ ಸಮಾಧಾನ ಆ ಕೆಲಸಗಳಲ್ಲಿತ್ತು. ಅದರೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮೊಣಕೈಯ ಕೆಳಗೆ ತಾಮ್ರದ ಬಣ್ಣದ ಮಚ್ಚೆಯೊಂದು ಎರಡು ವರ್ಷಗಳಿಂದ ಇತ್ತು. ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದೆ. ಸುಟ್ಟ ಗಾಯ ತೋರಿಸಲು ಹೋದಾಗ ಹೊಸನಗರದ ವೈದ್ಯರು ಗಾಯಕ್ಕಿಂತ ಹೆಚ್ಚು ಹೊತ್ತು ಆ ಮಚ್ಚೆಯನ್ನೇ ನೋಡಿದರು. ಆಮೇಲೆ ಒಂದು ಚೀಟಿ ಬರೆದು ಸಾಗರದ ಆಸ್ಪತ್ರೆಗೆ ಹೋಗಿ ಎಂದರು.

ಸಾಗರದ ಚರ್ಮದ ವೈದ್ಯರು ಚಿಕ್ಕ ವಯಸ್ಸಿನವರು. ಕಣ್ಣು ಮುಚ್ಚಿಕೊಳ್ಳಿ, ನಾನು ಮುಟ್ಟಿದ ಜಾಗವನ್ನು ಬಲಗೈ ಬೆರಳಿಂದ ತೋರಿಸಿ ಎಂದರು. ಕಣ್ಣು ಮುಚ್ಚಿ ಕಾದೆ. ಹೊರಗೆ ಟೋಕನ್ ನಂಬರ್ ಕೂಗುವುದು ಕೇಳಿಸುತ್ತಿತ್ತು. ಬಹಳ ಹೊತ್ತಾದರೂ ಅವರು ಮುಟ್ಟದ್ದರಿಂದ, ಬೇರೆ ಕೆಲಸದಲ್ಲಿರಬೇಕು ಅಂದುಕೊಂಡು, "ಶುರು ಮಾಡಿ ಸಾರ್" ಎಂದೆ.

"ಮುಗೀತಮ್ಮ" ಎಂದರು. "ಕಣ್ಣು ಬಿಡಿ."

ಕಣ್ಣು ಬಿಟ್ಟಾಗ ಅವರ ಕೈಯಲ್ಲಿದ್ದ ಪೆನ್ನಿನ ತುದಿ ನನ್ನ ತೋಳಿನ ಮೇಲೆಯೇ ಇತ್ತು.

ಕಿವಿಯ ತುದಿಯಿಂದ ಸ್ವಲ್ಪ ರಸ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಮತ್ತೆ ಹೋದಾಗ ರೋಗದ ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥವಾಗದ್ದು ನೋಡಿ, ನರ್ಸ್ ಕಡೆ ಒಮ್ಮೆ ನೋಡಿ, ಕುಷ್ಠ ಎಂದರು. ಕೂಡಲೇ ಮುಂದಿನ ಮಾತುಗಳನ್ನೂ ಹೇಳಿದರು: ಒಂದು ವರ್ಷ ಮಾತ್ರೆ, ಪೂರ್ತಿ ಗುಣ, ಮಾತ್ರೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಹರಡುವ ಹೆದರಿಕೆಯಿಲ್ಲ, ಮನೆಯಲ್ಲಿ ಎಲ್ಲರಂತೆ ಇರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಕಿವಿ ಮಾತ್ರ ಆ ಒಂದೇ ಪದದ ಹತ್ತಿರ ನಿಂತುಬಿಟ್ಟಿತ್ತು. ಆ ಪದ ನನಗೆ ಹೊಸದಲ್ಲ. ಸಭೆಯಲ್ಲಿ ಬೈಬಲ್ ವಾಚನ ಮಾಡುವ ಸರದಿ ನನಗೂ ಬರುತ್ತಿತ್ತು, ಅದನ್ನು ನಾನೇ ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೆ. ಹಳೆಯ ಕಾಲದ, ದೂರದ ಯಾವುದೋ ದೇಶದ, ಊರ ಹೊರಗೆ ನಿಲ್ಲಿಸಿದ ಜನರ ರೋಗ ಅದು. ಅವರಿಗೆ ಮುಖವಿರುತ್ತದೆ, ಹೆಸರಿರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ತಿಂಗಳಿಗೊಮ್ಮೆ ನುಂಗಬೇಕಾದ ಮಾತ್ರೆಯನ್ನು ನರ್ಸ್ ಎದುರಿಗೇ ನುಂಗಿಸಿದರು. ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ ಎಂದರು. ಕಾಗದಗಳನ್ನು ಕೊಡುವ ಮೊದಲು ರೋಗದ ಹೆಸರು ಕಾಣದ ಹಾಗೆ ಒಳಮುಖವಾಗಿ ಮಡಿಸಿದರು. ಕೇಳದೆಯೇ ಅವರು ಮಾಡಿದ ಆ ಸಣ್ಣ ಕೆಲಸವನ್ನು ನಾನು ಮರೆತಿಲ್ಲ.

ಜೊತೆಗೆ ಬಂದಿದ್ದ ಇವರೊಂದಿಗೆ ಆನಂದಪುರದ ಮೇಲೆ ಬಸ್ಸಿನಲ್ಲಿ ವಾಪಸ್ ಬಂದೆ. ರಿಪ್ಪನ್‌ಪೇಟೆಯಲ್ಲಿ ಇಳಿದಾಗ ಯಾವತ್ತಿನ ಹಾಗೆ ಹೋಟೆಲಿಗೆ ಹೋಗಿ ಒಂದು ಕಾಫಿಯನ್ನು ಎರಡು ಮಾಡಿಸಿದರು. ನಾನು ನನ್ನ ಲೋಟ ಅರ್ಧ ಕುಡಿದು ಇಟ್ಟೆ. ಇವರು ಅದನ್ನೂ ಎತ್ತಿಕೊಂಡು ಕುಡಿದು ಮುಗಿಸಿದರು. ಆಮೇಲೆ ಮೆಲ್ಲಗೆ, "ಮಾತ್ರೆ ತಿಂದ್ರೆ ಹೋಗುತ್ತಲ್ಲ. ಯಾರಿಗೂ ಹೇಳಾದು ಬೇಡ" ಎಂದರು. ನನಗೂ ಬೇಕಾಗಿದ್ದದ್ದು ಅದೇ.

ಹಾಗಾಗಿ ಮುಂದಿನ ಮೂರು ತಿಂಗಳು ನಾನೇ ರೊಟ್ಟಿ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಯಾರಿಗೂ ಅಪಾಯವಿಲ್ಲ ಎಂದು ವೈದ್ಯರನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ, ಅದು ನಿಜವೂ ಹೌದು. ಆದರೂ ಹಿಟ್ಟು ನಾದುವಾಗ ಕಳ್ಳತನ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಮೊದಲೆಲ್ಲ ಹಾಡು ಗುನುಗುತ್ತಾ ಮಾಡುತ್ತಿದ್ದ ಕೆಲಸವನ್ನು ಬಾಗಿಲು ಹಾಕಿಕೊಂಡು ಮಾಡಿದೆ. ಒಂದು ಭಾನುವಾರ ವಾಚನದ ಸರದಿ ನನ್ನದೇ ಬಂತು. ಪುಟ ತೆರೆದರೆ ಆ ಪದ. ಬಿಟ್ಟು ಮುಂದಿನ ಸಾಲಿಗೆ ಹೋಗಿಬಿಡಬಹುದಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಬಿಡಲಿಲ್ಲ, ಓದಿದೆ. ಓದಿ ಬಂದು ಕೂತಾಗ ಸಭೆಯ ಹಿರಿಯರಾದ ಪ್ರಕಾಶ ಮೇಷ್ಟ್ರು ಎಂದಿನಂತೆ ತಲೆಯಾಡಿಸಿ ಮೆಚ್ಚಿದರು. ಚೆನ್ನಾಗಿ ಓದಿದೆ ಎಂದು ಅದರ ಅರ್ಥ.

ವಿಷಯ ಹೊರಬಿದ್ದದ್ದು ಯಾರ ತಪ್ಪಿನಿಂದಲೂ ಅಲ್ಲ. ಮನೆಯವರನ್ನೂ ಪರೀಕ್ಷಿಸಬೇಕೆಂದು ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಂದಳು. ಆ ಹೊತ್ತಿಗೆ ಪ್ರಕಾಶ ಮೇಷ್ಟ್ರ ಹೆಂಡತಿ ಮರ್ಸಿಯಕ್ಕ ಹೊಸ ರವಿಕೆಯ ಅಳತೆ ಕೊಡಲು ನನ್ನ ಅಂಗಡಿಯಲ್ಲಿ ನಿಂತಿದ್ದರು. ಕಾರ್ಯಕರ್ತೆ ಪಾಪ, ದನಿ ಇಳಿಸಿಯೇ ಮಾತಾಡಿದಳು. ಆದರೆ ಅವಳ ಕೈಯಲ್ಲಿದ್ದ ಕರಪತ್ರದ ಮೇಲೆ ಬೆರಳು ಮಡಚಿದ ಕೈಯೊಂದರ ಚಿತ್ರವಿತ್ತು. ಮರ್ಸಿಯಕ್ಕ ಅದನ್ನು ನೋಡಿದರು, ಆಮೇಲೆ ನನ್ನ ಕೈಯನ್ನು ನೋಡಿದರು. ಅಳತೆ ಇನ್ನೊಂದು ದಿನ ಕೊಡುತ್ತೇನೆ ಎಂದು ಬಟ್ಟೆ ಮಡಚಿಕೊಂಡು ಹೋದರು.

ಆ ವಾರವೇ ಮೇಷ್ಟ್ರು ಮನೆಗೆ ಬಂದರು. ನನಗೆ ಅಕ್ಷರ ಕಲಿಸಿದವರು ಅವರು, ನನ್ನ ಮದುವೆಗೆ ಸಾಕ್ಷಿ ಹಾಕಿದವರು. ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಬೇರೇನೋ ಮಾತಾಡಿದರು. ನಂತರ, ಪಾಸ್ಟರ್ ಹತ್ತಿರವೂ ಮಾತಾಡಿದ್ದೇನೆ, ನೀವು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ, ರೊಟ್ಟಿ ಬೇಕರಿಯಿಂದ ತರಿಸೋಣ ಎಂದರು. ವೈದ್ಯರು ಹೇಳಿದ್ದನ್ನು ಇವರು ವಿವರಿಸಿದರು. ಮೇಷ್ಟ್ರು ಎಲ್ಲವನ್ನೂ ಕೇಳಿ, "ನಂಗೆ ಗೊತ್ತು ಸಮುವೇಲ. ನಂಗೆ ಗೊತ್ತು. ಉಳಿದವ್ರಿಗೆ ಹೆಂಗೆ ಹೇಳಾದು?" ಎಂದರು. ಕೊಟ್ಟ ಚಹಾ ಆರಿ ಕೆನೆಕಟ್ಟಿತು. ಎದ್ದು ಹೋಗುವಾಗ ಅದನ್ನು ನೋಡಿ ಅವರಿಗೇ ನಾಚಿಕೆಯಾಗಿರಬೇಕು, ಲೋಟವನ್ನು ಸ್ವಲ್ಪ ಆಚೆ ಸರಿಸಿ ಇಟ್ಟು ಹೋದರು.

ಮುಂದಿನ ಮೊದಲ ಭಾನುವಾರ ಮೇಜಿನ ಮೇಲೆ ಬೇಕರಿಯ ಬಿಳಿ ಬ್ರೆಡ್ ತುಂಡುಗಳಿದ್ದವು. ಎಲ್ಲರೂ ಕುಡಿಯುತ್ತಿದ್ದ ಒಂದೇ ಬಟ್ಟಲಿನ ಬದಲು ಬೆರಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಲೋಟಗಳು ತಟ್ಟೆಯಲ್ಲಿ ಸಾಲಾಗಿ ಬಂದವು. ಈಗ ಎಲ್ಲ ಕಡೆಯೂ ಹೀಗೇ, ಶುಚಿಗೆ ಒಳ್ಳೆಯದು ಎಂದು ಪಾಸ್ಟರ್ ಹೇಳಿದರು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅಷ್ಟೊಂದು ಜನ ಒಟ್ಟಿಗೆ ಪ್ರಯತ್ನಪಟ್ಟು ನನ್ನ ಕಡೆ ನೋಡದೆ ಇದ್ದದ್ದು ನನಗೆ ಚೆನ್ನಾಗಿ ಕಾಣಿಸಿತು. ನನ್ನ ಬೆಂಚಿನಲ್ಲಿ ನಾಲ್ಕು ಜನ ಕೂರುವ ಜಾಗವಿದ್ದರೂ ನನ್ನ ಜೊತೆ ಇವರೊಬ್ಬರೇ ಕೂತಿದ್ದರು. ಅದರ ನಂತರ ನಾನು ಸಭೆಗೆ ಹೋಗುವುದನ್ನು ಬಿಟ್ಟೆ.

ಇನ್ನೊಂದು ಏಟು ಮನೆಯೊಳಗಿನದು. ಒಬ್ಬಳೇ ಮಗಳು ಶೀಲಾಳನ್ನು ತೀರ್ಥಹಳ್ಳಿಗೆ ಕೊಟ್ಟಿದ್ದೆವು. ಅವಳಿಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಬಾಣಂತನಕ್ಕೆ ಬೇಕಾದ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಇಟ್ಟಿದ್ದೆ. ಅವಳ ಅತ್ತೆ ಫೋನ್ ಮಾಡಿ, ಈ ಸ್ಥಿತಿಯಲ್ಲಿ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ತೀರ್ಥಹಳ್ಳಿಯಿಂದ ಕೋಣಂದೂರಿನ ಮೇಲೆ ನಮ್ಮೂರು ಎಷ್ಟು ಹತ್ತಿರ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಆಯಿತು ಎಂದೆ. ಮಗು ಹುಟ್ಟಿ ನಾಲ್ಕು ತಿಂಗಳಾದ ಮೇಲೆ ಶೀಲಾ ಜಗಳ ಮಾಡಿಕೊಂಡು ಒಂದು ದಿನದ ಮಟ್ಟಿಗೆ ಬಂದಳು. ನೇರವಾಗಿ ನನ್ನ ಮಡಿಲಲ್ಲಿ ಮಗುವನ್ನು ಇಡಲು ಹೋದಳು. ಬೇಡವೆಂದು ಹಿಂದೆ ಸರಿದದ್ದು ನಾನು. ರೋಗ ತಗಲುತ್ತದೆ ಎಂದಲ್ಲ. ಎಡಗೈಗೆ ಹಿಡಿತ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದೇ ತಿಳಿಯುತ್ತಿರಲಿಲ್ಲ. ಇವರು ಮಗುವನ್ನು ಎತ್ತಿಕೊಂಡರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಶೀಲಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ತಿಂಗಳುಗಳನ್ನು ಹೇಗೆ ದಾಟಿದೆನೋ. ಮಾತ್ರೆಗೆ ಮೈ ಕಪ್ಪು ಕಂದು ಬಣ್ಣಕ್ಕೆ ತಿರುಗಿತು. ನಡುವೆ ಮೊಣಕೈಯ ನರ ಊದಿಕೊಂಡು, ಸ್ಪರ್ಶವೇ ಇಲ್ಲದ ಕೈಯಲ್ಲಿ ತಡೆಯಲಾಗದ ನೋವು ಬಂತು. ಅದಕ್ಕೆ ಕೊಟ್ಟ ಇನ್ನೊಂದು ಮಾತ್ರೆಗೆ ಮುಖ ಬಾತುಕೊಂಡಿತು. ಉಂಗುರದ ಬೆರಳು ಮತ್ತು ಕಿರುಬೆರಳು ಮೆಲ್ಲನೆ ಒಳಕ್ಕೆ ಬಾಗಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಂಡರು. ದಿನಾ ಸಂಜೆ ಇವರು ನನ್ನ ಕೈಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಆ ಎರಡು ಬೆರಳುಗಳನ್ನು ನಿಧಾನವಾಗಿ ನೀವುತ್ತಿದ್ದರು. ನೀರಿನ ಬಿಸಿಯನ್ನು ಮೊದಲು ತಮ್ಮ ಕೈಯಿಂದ ನೋಡಿಯೇ ನನ್ನ ಕೈ ಇಳಿಸುತ್ತಿದ್ದರು. ದುಃಖದ ದಿನಗಳಲ್ಲಿಯೂ ಆ ಅರ್ಧ ಗಂಟೆಯನ್ನು ನಾನು ಕಾಯುತ್ತಿದ್ದೆ.

ಪ್ರಾರ್ಥನೆ ಮಾತ್ರ ನಿಂತುಹೋಯಿತು. ದೇವರ ಮೇಲೆ ಸಿಟ್ಟಿತ್ತು ಎಂದರೆ ಸುಲಭವಾಗುತ್ತದೆ. ಸಿಟ್ಟಿದ್ದರೆ ಬೈಯಬಹುದಿತ್ತು, ಅದೂ ಒಂದು ಮಾತೇ. ನನಗಾದದ್ದು ಬೇರೆ. ಹದಿನಾಲ್ಕು ವರ್ಷ ಯಾರಿಗಾಗಿ ಮೇಜು ಸಿದ್ಧ ಮಾಡಿದ್ದೆನೋ ಅವರ ಮನೆಯಲ್ಲಿ ನನಗೆ ಮಾಡಲು ಕೆಲಸವಿಲ್ಲ ಎಂದಾದ ಮೇಲೆ, ಅಲ್ಲಿ ನಾನು ಯಾರು ಎಂದೇ ತಿಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಇವರು ಬಿಳಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ನಾನು ಮೆಷಿನ್ನಿನ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.

ಆಗ ನಾನು ಮನೆ ಬಿಟ್ಟು ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ ಸಾಗರದ ಆಸ್ಪತ್ರೆಗೆ ಮಾತ್ರ. ಅಲ್ಲಿನ ಬೆಂಚಿನ ಮೇಲೆ ತಿಮ್ಮಪ್ಪನವರು ಸಿಕ್ಕರು. ಅರವತ್ತು ದಾಟಿದ ರೈತ. ಕವಲೇದುರ್ಗದ ಕೆಳಗಿನ ಹಳ್ಳಿ ಅವರದು. ತೀರ್ಥಹಳ್ಳಿ ಹತ್ತಿರವಿದ್ದರೂ ಗುರುತಿನವರು ಕಾಣುತ್ತಾರೆಂದು ಎರಡು ಬಸ್ಸು ಬದಲಿಸಿ ಸಾಗರಕ್ಕೆ ಬರುತ್ತಿದ್ದರು. ಅವರ ಬಲಪಾದಕ್ಕೆ ಸ್ಪರ್ಶವಿರಲಿಲ್ಲ. ಯಾವ ರೋಗಕ್ಕೆ ಬಂದಿದ್ದೇವೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮೂರನೆಯ ಸಲವೋ ಏನೋ, ನನ್ನ ಕೊರಳಿನ ಸಣ್ಣ ಶಿಲುಬೆಯನ್ನು ನೋಡಿ, "ನಿಮ್ದು ಚರ್ಚಾ?" ಎಂದರು. ಹೌದೆಂದೆ.

"ನಾವು ದೇವ್ರಿಗೆ ಹಣ್ಣುಕಾಯಿ ಕೊಡ್ತೀವಿ. ನೀವು ಎಂತ ಕೊಡ್ತೀರಿ?"

ಹಾಡುತ್ತೇವೆ ಎಂದೆ. ಅದು ಸಾಕಾಗಲಿಲ್ಲವೆನ್ನಿಸಿ, "ನಾನು ರೊಟ್ಟಿ ಮಾಡಿ ಕೊಡ್ತಿದ್ದೆ. ಈಗ ಇಲ್ಲ" ಎಂದೆ. ಅವರು ತಲೆಯಾಡಿಸಿದರು. ಅವರೂ ಈಗ ದೇವಸ್ಥಾನದೊಳಗೆ ಹೋಗುವುದಿಲ್ಲವಂತೆ. ಹೊರಗೆ ಮರದ ಹತ್ತಿರ ನಿಂತು, ಒಳಗಿನ ದೀಪ ಕಂಡರೆ ಕೈಮುಗಿದು ಬರುತ್ತಾರಂತೆ. ಯಾರಾದರೂ ತಡೆದರೇ ಎಂದು ಕೇಳಿದೆ.

"ಯಾರೂ ಎಂತದೂ ಹೇಳಿಲ್ಲ. ಅವ್ರು ಹೇಳಾದ್ರೊಳಗೆ ನಾನೇ ದೂರ ನಿಂತೆ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನನ್ನನ್ನೂ ಯಾರೂ ಬರಬೇಡಿ ಎಂದಿರಲಿಲ್ಲ. ಹಾಗೆಂದು ನನಗಾದ ನೋವು ಸುಳ್ಳಲ್ಲ. ಆದರೆ ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇದ್ದಾಗ ಮಾತ್ರ ದೇವರ ಮುಂದೆ ನಿಲ್ಲಬಹುದು ಎಂಬ ಲೆಕ್ಕ ನನ್ನದೇ ಆಗಿತ್ತೇನೋ ಎಂಬ ಅನುಮಾನ ಆ ಬೆಂಚಿನ ಮೇಲೆ ಮೊದಲ ಸಲ ಬಂತು.

ಒಂಬತ್ತನೆಯ ತಿಂಗಳಲ್ಲಿ ಮರ್ಸಿಯಕ್ಕ ಮನೆಗೆ ಬಂದರು. ಹಿಂದೆ ವಾಪಸ್ ತೆಗೆದುಕೊಂಡು ಹೋಗಿದ್ದ ಅದೇ ರವಿಕೆ ಬಟ್ಟೆ ಕೈಯಲ್ಲಿತ್ತು. ಅಳತೆ ತೆಗೆದುಕೊಳ್ಳುವಾಗ ಟೇಪು ಹಿಡಿದ ನನ್ನ ಕೈ ಅವರ ಭುಜಕ್ಕೆ ತಾಗಿದಾಗ ಅವರು ಸ್ವಲ್ಪ ಬಿಗಿಯಾದರು, ಆದರೆ ಸರಿಯಲಿಲ್ಲ. ಹೋಗುವ ಮುಂಚೆ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು. "ನಿಮ್ಮವ್ರು ಇಷ್ಟು ತಿಂಗಳಾಯ್ತು, ರೊಟ್ಟಿ ತಟ್ಟೆ ಬಂದ್ರೆ ಮುಟ್ಟದೆ ಪಕ್ಕದವ್ರಿಗೆ ದಾಟಿಸ್ತಾರೆ. ಲೋಟನೂ ತಗಳಲ್ಲ. ನೀನು ಹೇಳಿದ್ದಾ?"

ನನಗೆ ಗೊತ್ತೇ ಇರಲಿಲ್ಲ. ಇವರು ಪ್ರತಿ ಭಾನುವಾರ ಹೋಗಿಬಂದು, ಯಾವ ಹಾಡು ಹಾಡಿದರು, ಯಾರು ಬಂದಿರಲಿಲ್ಲ ಎಂದೆಲ್ಲ ಹೇಳುತ್ತಿದ್ದರು. ಇದನ್ನು ಮಾತ್ರ ಹೇಳಿರಲಿಲ್ಲ. ಸಂಜೆ ನನ್ನ ಕೈಗೆ ಎಣ್ಣೆ ಹಚ್ಚುತ್ತಿರುವಾಗ ಕೇಳಿದೆ. ತಲೆ ಎತ್ತದೆ, "ನಿಂಗಿಲ್ಲದ್ದು ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದರು.

ನನಗೆ ಅಳು ಬರಲಿಲ್ಲ, ಕೋಪ ಬಂತು. ನಿಮಗೂ ದೇವರಿಗೂ ನಡುವೆ ನನ್ನ ರೋಗ ತಂದು ನಿಲ್ಲಿಸಲು ನಿಮಗೆ ಯಾರು ಹೇಳಿದರು ಎಂದು ಬೈದೆ. ಬೈಯುತ್ತಾ ಬೈಯುತ್ತಾ, ನಾನು ಮಾಡಿದ್ದೂ ಅದೇ ಅಲ್ಲವೇ ಎಂದು ಹೊಳೆದು ಮಾತು ನಿಂತಿತು. ಇವರು ಬೆರಳು ನೀವುತ್ತಲೇ ಇದ್ದರು.

ಮುಂದಿನ ಮೊದಲ ಭಾನುವಾರ ನಾನು ಹೋದೆ. ದೇವರಿಗಾಗಿ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ, ಇವರಿಗಾಗಿ ಹೋದೆ. ಕೊನೆಯ ಬೆಂಚಿನಲ್ಲಿ ಕೂತೆವು. ಕಪ್ಪಾದ, ಬಾತ ನನ್ನ ಮುಖದ ಗುರುತು ಕೆಲವರಿಗೆ ಕೂಡಲೇ ಸಿಗಲಿಲ್ಲ. ಹಾಡಿಗೆ ಎಲ್ಲರೂ ಎದ್ದಾಗ ಎದ್ದೆ, ಬಾಯಿ ಬರಲಿಲ್ಲ. ಹಿಂದೆ ಆ ಹೊತ್ತಿಗೆ ನನ್ನ ಮನಸ್ಸು ಮೇಜಿನ ಬಟ್ಟೆ ನೆಟ್ಟಗಿದೆಯೇ, ದ್ರಾಕ್ಷಾರಸ ಸಾಕಾಗುತ್ತದೆಯೇ ಎಂದೆಲ್ಲ ಓಡಾಡುತ್ತಿತ್ತು. ಈಗ ಓಡಾಡಲು ಜಾಗವಿರಲಿಲ್ಲ. ಸುತ್ತಲಿನವರ ದನಿ ನನ್ನನ್ನು ದಾಟಿ ಹೋಗುತ್ತಿತ್ತು. ಆ ಹಾಡನ್ನು ಅವರು ನನ್ನ ಬದಲಿಗೂ ಹಾಡುತ್ತಿದ್ದಾರೆ ಎಂದು ಎಲ್ಲೋ ಅನ್ನಿಸಿತು. ನನ್ನನ್ನು ನೋಯಿಸಿದವರೇ ಅವರು. ಎರಡೂ ನಿಜವಾಗಿತ್ತು.

ತಟ್ಟೆ ಬಂದಾಗ ಬೇಕರಿಯ ಬ್ರೆಡ್ಡಿನ ಒಂದು ಚೂರು ತೆಗೆದುಕೊಂಡೆ. ತುಸು ಸಿಹಿಯಿತ್ತು. ಇವರು ನನ್ನ ಮುಖ ನೋಡಿ, ತಾವೂ ಒಂದು ತೆಗೆದುಕೊಂಡರು. ತಾನು ಏನನ್ನೂ ತರದೆ, ಯಾರೋ ಸಿದ್ಧ ಮಾಡಿದ್ದನ್ನು ತೆಗೆದುಕೊಂಡು ತಿನ್ನುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಕರ್ತನ ಭೋಜನವೆಂದರೆ ಮೊದಲಿನಿಂದಲೂ ಇಷ್ಟೇ. ನಾನು ಮಾಡುವವಳಾಗಿ ಅದರ ಒಂದು ಬದಿಯಲ್ಲಿ ನಿಂತು, ತಿನ್ನುವವರ ಬದಿಯನ್ನು ಮರೆತಿದ್ದೆ. ಸಭೆ ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬಂದು ನಿಂತರು. ಏನೋ ಹೇಳಲು ಹೋಗಿ, "ಬಂದ್ರಾ" ಎಂದಷ್ಟೇ ಅಂದರು. ಎರಡು ಮನೆಯವರು ಆಮೇಲಿನ ವಾರಗಳಲ್ಲಿ ಬೇರೆ ಸಭೆಗೆ ಹೋಗತೊಡಗಿದರು. ಅವರು ಈವರೆಗೂ ಹಿಂತಿರುಗಿಲ್ಲ.

ವರ್ಷ ತುಂಬಿದಾಗ ವೈದ್ಯರು ಮಾತ್ರೆ ನಿಲ್ಲಿಸಿದರು. ಗುಣವಾಗಿದೆ ಎಂದು ಬರೆದುಕೊಟ್ಟರು. ಹೋದ ಸ್ಪರ್ಶ ಬರುವುದಿಲ್ಲ, ಬಾಗಿದ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ, ಬಿಸಿ, ಚೂಪು, ಗಾಯ ಇವುಗಳನ್ನು ದಿನಾ ಕಣ್ಣಿಂದಲೇ ನೋಡಿಕೊಳ್ಳಬೇಕು ಎಂದರು. ಸಂತೋಷಪಡಬೇಕಾದ ದಿನ ಅದು. ಆದರೆ ಹೊರಗಿನ ಬೆಂಚಿನಲ್ಲಿ ತಿಮ್ಮಪ್ಪನವರು ಇರಲಿಲ್ಲ. ಅವರು ಎರಡು ತಿಂಗಳಿಂದ ಬಂದಿಲ್ಲ, ಫೋನಿಗೂ ಸಿಗುತ್ತಿಲ್ಲ, ಮಾತ್ರೆ ಅರ್ಧಕ್ಕೆ ನಿಂತಿದೆ ಎಂದು ನರ್ಸ್ ಹೇಳಿದರು. ಊರು ನನಗೆ ಗೊತ್ತಿದೆ, ಹೋಗಿ ನೋಡುತ್ತೇನೆ ಎಂದೆ.

ಶನಿವಾರ ಇವರ ಬೈಕಿನಲ್ಲಿ ಹೋದೆವು. ಕೋಟೆಯ ಗುಡ್ಡದ ಕೆಳಗೆ, ಗದ್ದೆಯ ಅಂಚಿನಲ್ಲಿ ಮನೆ. ಅವರು ಮನೆಯೊಳಗಿರಲಿಲ್ಲ. ಹಿಂದುಗಡೆ ಗೊಬ್ಬರದ ಚೀಲ ಇಡುವ ಕೊಠಡಿಯಲ್ಲಿ ಮಂಚ ಹಾಕಿಕೊಂಡಿದ್ದರು. "ನಾವು ಕಳಿಸಿದ್ದಲ್ಲಮ್ಮ. ಮೊಮ್ಮಕ್ಕಳು ಇದಾರೆ ಅಂತ ಅವ್ರೇ ಹೋಗಿ ಮಲಗಿದ್ದು" ಎಂದು ಮಗ ಹೇಳಿದ. ಅವನ ದನಿಯಲ್ಲಿ ಸಂಕಟವಿತ್ತು. ಕಾಲಿಗೆ ಸುತ್ತಿದ ಬಟ್ಟೆಯಿಂದ ವಾಸನೆ ಬರುತ್ತಿತ್ತು. ಅಡಿಯಲ್ಲಿ ಮುಳ್ಳು ಹೊಕ್ಕಿದ್ದು ಅವರಿಗೆ ತಿಳಿದಿರಲಿಲ್ಲ, ತಿಳಿದ ಮೇಲೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದರೆ ಬೇಡ, ಸಾಕಾಯಿತು ಎಂದರು. ಕೆಳಗೆ ಕೂತು, ನನ್ನ ಕೈ ತೋರಿಸಿ, ಇದೂ ನೆಟ್ಟಗಾಗಲಿಲ್ಲ, ಆದರೆ ರೋಗ ಹೋಗಿದೆ ಎಂದೆ. ಅವರು ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ನೀವು ಜೊತೆಗೆ ಇರುತ್ತೀರಾದರೆ ಬರುತ್ತೇನೆ ಎಂದರು.

ಮಗ ಗಾಡಿ ತಂದ. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಸೇರಿಸಿದೆವು. ಮರುದಿನ ಬೆಳಿಗ್ಗೆ ಅವರ ಮೂರು ಕಾಲ್ಬೆರಳುಗಳನ್ನೂ ಅವುಗಳ ಬುಡದಲ್ಲಿ ಪಾದದ ಸ್ವಲ್ಪ ಭಾಗವನ್ನೂ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಎಚ್ಚರವಾಯಿತು. ಹಾಸಿಗೆಯ ಪಕ್ಕ ನನ್ನನ್ನು ನೋಡಿ, "ಇವತ್ತು ಐತವಾರ ಅಲ್ವಾ? ನಿಮ್ದು ತಪ್ಪಿತಲ್ಲ" ಎಂದರು.

ತಪ್ಪಲಿಲ್ಲ, ಇದೇ ನನ್ನ ಆರಾಧನೆ ಎಂದು ಹೇಳಬಹುದಿತ್ತು. ಕೇಳಲು ಚೆನ್ನಾಗಿರುತ್ತಿತ್ತು. ಆದರೆ ಬೆಳಿಗ್ಗೆಯೆಲ್ಲ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕೂತು, ಈಗ ಮೊದಲ ಹಾಡು, ಈಗ ವಾಚನ, ಈಗ ಎಲ್ಲರೂ ಎದ್ದು ನಿಂತಿರುತ್ತಾರೆ ಎಂದು ಗಡಿಯಾರ ನೋಡುತ್ತಿದ್ದೆ. ನಾನೂ ಅಲ್ಲಿರಬೇಕು ಅನ್ನಿಸುತ್ತಿತ್ತು. ವರ್ಷದಲ್ಲಿ ಮೊದಲ ಸಲ ನನಗೆ ಹಾಗನ್ನಿಸಿತ್ತು.

"ಹೌದು, ತಪ್ಪಿತು" ಎಂದೆ.

"ಹಂಗಾದ್ರೆ ಬರೋ ವಾರ ಹೋಗಿ. ನಂದೂ ಒಂದು ಹೇಳಿ ಅಲ್ಲಿ."

ಕಾಲು ವಾಸಿಯಾಗಲಿ ಎಂದು ಬೇಡಿಕೊಳ್ಳಲೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ನಿದ್ದೆ ಬಂತೇನೋ ಅಂದುಕೊಳ್ಳುವಷ್ಟರಲ್ಲಿ, "ಅದೆಲ್ಲ ಬೇಡ. ತಿಮ್ಮಪ್ಪ ಅಂತ ಒಬ್ಬ ಇದಾನೆ ಅಂತ ಹೇಳಿ" ಎಂದರು.

ನಮ್ಮ ಸಭೆಯಲ್ಲಿ ಪ್ರಾರ್ಥನೆಗೆ ಮೊದಲು ಯಾರು ಬೇಕಾದರೂ ಎದ್ದು ಒಂದು ಹೆಸರು, ಒಂದು ಬೇಡಿಕೆ ಹೇಳಬಹುದು. ಮುಂದಿನ ಭಾನುವಾರ ಒಬ್ಬರು ಮಗನ ಪರೀಕ್ಷೆ ಎಂದರು, ಇನ್ನೊಬ್ಬರು ಅತ್ತೆಯ ಕಣ್ಣು ಎಂದರು. ನಾನು ಕೊನೆಯ ಬೆಂಚಿನಿಂದ ಎದ್ದು ನಿಂತೆ. ಎಲ್ಲರೂ ಹಿಂತಿರುಗಿ ನೋಡಿದರು.

"ಕವಲೇದುರ್ಗದ ಕೆಳಗೆ ತಿಮ್ಮಪ್ಪ ಅಂತ ಒಬ್ಬರು ಇದ್ದಾರೆ" ಎಂದೆ.

ಪಾಸ್ಟರ್ ಮುಂದಿನ ಮಾತಿಗೆ ಕಾದರು. ರೋಗವೋ, ಕಷ್ಟವೋ, ಏನು ಬೇಡಬೇಕೋ ಎಂಬಂತೆ ನನ್ನನ್ನೇ ನೋಡುತ್ತಿದ್ದರು.

"ಅಷ್ಟೇ" ಎಂದೆ, ಕೂತೆ. ಆಮೇಲೆ ಪಾಸ್ಟರ್ ಕಣ್ಣು ಮುಚ್ಚಿ, ನಾನು ಹೇಳಿದ್ದನ್ನು ಹಾಗೆಯೇ, ಒಂದು ಮಾತೂ ಸೇರಿಸದೆ ದೇವರಿಗೆ ಹೇಳಿದರು. ಸಭೆಯವರೆಲ್ಲ ಆಮೆನ್ ಎಂದರು. ನಾನೂ ಎಂದೆ.